ಎ7 4 ಕ್ಲಿಪ್: ಹೊಸ ಪ್ರೀಮಿಯರ್‌ನಲ್ಲಿ ಸರಿ, ಹಳೆಯದರಲ್ಲಿ ಬರೀ ಧ್ವನಿ

ಪ್ರಶ್ನೆ (ದಾವಣಗೆರೆ)
ಮದುವೆ ಕೆಲಸ. ಸೋನಿ ಎ7 4 ಕ್ಯಾಮೆರಾ, ರೆಕಾರ್ಡಿಂಗ್ ಎಕ್ಸ್‌ಎವಿಸಿ ಎಚ್‌ಎಸ್ 4ಕೆ 50ಪಿ (ಸೆಕೆಂಡಿಗೆ 50 ಫ್ರೇಮ್), 4:2:2 10 ಬಿಟ್ (ಬಣ್ಣದ ವಿವರ ಹೆಚ್ಚು). ಇಲ್ಲಿ 12ನೇ ಜನರೇಶನ್ ಐ7, ಅಡೋಬಿ ಪ್ರೀಮಿಯರ್ 2023 (ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್), ಸಲೀಸಾಗಿ ಓಡುತ್ತೆ. ಕಟಿಂಗ್‌ಗೆ ಚಿತ್ರದುರ್ಗಕ್ಕೆ ಕಳಿಸಿದರೆ ಅಲ್ಲಿ 7ನೇ ಜನರೇಶನ್ ಐ5, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, ಪ್ರೀಮಿಯರ್ 2019. ಟೈಮ್‌ಲೈನ್ ಮೇಲೆ ಆಡಿಯೋ ಪಟ್ಟಿ ಮಾತ್ರ ಬೀಳುತ್ತೆ, ಚಿತ್ರ ಇಲ್ಲ. ವಿಎಲ್‌ಸಿಯಲ್ಲಿ ಚೆನ್ನಾಗೇ ಬರುತ್ತೆ. ಕೋಡೆಕ್ ಪ್ಯಾಕ್ (ವಿಡಿಯೋ ಫೈಲ್ ಬಿಡಿಸೋ ಹೆಚ್ಚುವರಿ ಸಾಫ್ಟ್‌ವೇರ್) ಹಾಕಿಯೂ ನೋಡಿದ್ದಾಯ್ತು. ದಾರಿ ಹೇಳ್ರಿ.

ಉತ್ತರ 1 (ಚಿತ್ರದುರ್ಗ)
ಮೊದಲು ಆ ಕೋಡೆಕ್ ಪ್ಯಾಕ್ ತೆಗೀರಿ ಸರ್. ಇಂಥ ಎಂಪಿ4 ಫೈಲಿಗೆ ಪ್ರೀಮಿಯರ್ ತನ್ನೊಳಗಿನ ಡಿಕೋಡರನ್ನೇ (ಫೈಲ್ ಬಿಡಿಸೋ ಭಾಗ) ನಂಬುತ್ತೆ. ವಿಎಲ್‌ಸಿಯೂ ತನ್ನದನ್ನು ತಾನೇ ಹೊತ್ತು ತರುತ್ತೆ, ಅದಕ್ಕೇ ಅಲ್ಲಿ ಓಡೋದು. ಎಕ್ಸ್‌ಎವಿಸಿ ಎಚ್‌ಎಸ್ ಅಂದ್ರೆ ಎಚ್.265, ವಿಡಿಯೋನ ಬಿಗಿಯಾಗಿ ಕುಗ್ಗಿಸೋ ವಿಧಾನ. ಸೋನಿ ಎಕ್ಸ್‌ಎವಿಸಿ ಎಚ್‌ಎಸ್ ತಂದದ್ದೇ 2020ರಲ್ಲಿ. 2019ರ ಆವೃತ್ತಿಗೆ ಅದರ ಪರಿಚಯ ಇರೋದಾದ್ರೂ ಹೇಗೆ?

ಆವೃತ್ತಿ ಏರಿಸಿದರೂ ಆ ಸಿಸ್ಟಂ ಒದ್ದಾಡುತ್ತೆ. 1060 ಎಚ್.265 ಬಿಡಿಸೋದು 4:2:0ರ (ಬಣ್ಣದ ವಿವರ ಕಡಿಮೆ) ತನಕ ಮಾತ್ರ. 4:2:2 ಬಿಡಿಸುವ ಎನ್‌ವಿಡಿಯಾ ಕಾರ್ಡ್ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ. ನಿಮ್ಮಲ್ಲಿ ಓಡ್ತಿರೋದು ಐ7 ಒಳಗಿನ ಇಂಟೆಲ್ ಗ್ರಾಫಿಕ್ಸ್ ದಯದಿಂದ. ಹೊಸದು ಕೊಳ್ಳುವಾಗ ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್ ಬೇಡ, ಅದರಲ್ಲಿ ಆ ಗ್ರಾಫಿಕ್ಸೇ ಇರಲ್ಲ.

ಈಗಿನ ಕೆಲಸಕ್ಕೆ: ದಾವಣಗೆರೆಯಲ್ಲೇ ಶಟರ್ ಎನ್‌ಕೋಡರ್ (ಫಾರ್ಮ್ಯಾಟ್ ಬದಲಿಸೋ ಉಚಿತ ಸಾಫ್ಟ್‌ವೇರ್) ಹಾಕಿ ಪ್ರೋರೆಸ್ 422ಗೆ (ಎಡಿಟಿಂಗ್‌ಗೆ ಸಲೀಸಾದ, ಗಾತ್ರದಲ್ಲಿ ದೊಡ್ಡ ಫಾರ್ಮ್ಯಾಟ್) ಬದಲಿಸಿ ಕಳಿಸಿ. 4ಕೆ 50ಪಿಗೆ ಗಂಟೆಗೆ ಸುಮಾರು 442 ಜಿಬಿ ಆಗುತ್ತೆ, ಡಿಸ್ಕ್ ನೋಡ್ಕೊಳ್ಳಿ. ಡಿಎನ್‌ಎಕ್ಸ್‌ಎಚ್‌ಆರ್ (ಅಂಥದ್ದೇ ಇನ್ನೊಂದು ಫಾರ್ಮ್ಯಾಟ್) ಆರಿಸಿದರೆ ಎಚ್‌ಕ್ಯೂಎಕ್ಸ್ ತಗೊಳ್ಳಿ. ಎಚ್‌ಕ್ಯೂ ಬರೀ 8 ಬಿಟ್, ಬಣ್ಣದ ಹಂತ ಕಡಿಮೆ. ಕೋಟೆ ಮೇಲಿನ ಸಂಜೆ ಆಕಾಶಕ್ಕೆ ಬಣ್ಣ ಕೂಡಿಸುವಾಗ ನೀಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತೆ.

ಉತ್ತರ 2 (ದಾವಣಗೆರೆ)
ಕಟಿಂಗ್ ಮಾತ್ರ ಅಲ್ಲಿ ಆಗೋದಾದ್ರೆ 442 ಜಿಬಿ ಯಾಕೆ? ಪ್ರೋರೆಸ್ ಪ್ರಾಕ್ಸಿ (ಕಟಿಂಗ್‌ಗಷ್ಟೇ ಬಳಸೋ ಹಗುರ ನಕಲು) ಮಾಡಿ, ಗಂಟೆಗೆ 136 ಜಿಬಿ ಆಸುಪಾಸು. ಅಳತೆ 3840×2160 ಇರಲಿ, 1080ಕ್ಕೆ ಇಳಿಸಿದರೆ ಆಮೇಲೆ ಮೂಲ ಕ್ಲಿಪ್ ಜೋಡಿಸುವಾಗ ಹಾಕಿದ ಜೂಮ್ ಎಲ್ಲಾ ತಪ್ಪುತ್ತೆ. ಫೈಲ್ ಹೆಸರು, ಆಡಿಯೋ ಚಾನೆಲ್ ಸಂಖ್ಯೆ ಮೂಲದಂತೆಯೇ ಇರಲಿ. ಪ್ರಾಜೆಕ್ಟ್ ವಾಪಸ್ ಬಂದಾಗ ಲಿಂಕ್ ಮೀಡಿಯಾದಲ್ಲಿ 'ಫೈಲ್ ಎಕ್ಸ್‌ಟೆನ್ಶನ್' ಟಿಕ್ ತೆಗೆದು ಮೂಲ ಎಂಪಿ4 ತೋರಿಸಿ.

ಪ್ರಾಜೆಕ್ಟ್ ಶುರುವಾಗೋದು ಚಿತ್ರದುರ್ಗದಲ್ಲೇ ಆಗಲಿ. 2019ರದು 2023ರಲ್ಲಿ ತೆರೆಯುತ್ತೆ, 2023ರದು 2019ರಲ್ಲಿ ತೆರೆಯಲ್ಲ. ಈಗಾಗಲೇ ಇಲ್ಲಿ ಶುರು ಮಾಡಿದ್ರೆ ಫೈನಲ್ ಕಟ್ ಪ್ರೋ ಎಕ್ಸ್‌ಎಂಎಲ್ (ಕಟ್‌ಗಳ ಪಟ್ಟಿ ಇರೋ ಫೈಲ್) ತೆಗೆದು ಕಳಿಸಿ. ಕಟ್, ಡಿಸಾಲ್ವ್ ದಾಟುತ್ತೆ. ಲುಮೆಟ್ರಿಯಲ್ಲಿ (ಪ್ರೀಮಿಯರ್‌ನ ಬಣ್ಣ ತಿದ್ದುವ ಸಾಧನ) ಹಾಕಿದ ಬಣ್ಣ, ಟೈಟಲ್ ದಾಟಲ್ಲ.

ಪ್ರಶ್ನೆ ಕೇಳಿದವರು
ಪ್ರಾಕ್ಸಿ ದಾರಿ ಹಿಡೀತೀನಿ. ಡಿಸ್ಕ್ ಫ್ಯಾಟ್32 ಫಾರ್ಮ್ಯಾಟ್ ಆಗಿತ್ತು, ಪ್ರೋರೆಸ್ ಫೈಲ್ 4 ಜಿಬಿಗೇ ನಿಂತುಬಿಡ್ತು. ಎಕ್ಸ್‌ಫ್ಯಾಟ್ ಮಾಡಿ ಮತ್ತೆ ಹಾಕಿದೀನಿ.

ಉತ್ತರ 1 (ಚಿತ್ರದುರ್ಗ)
ಪೂರ್ತಿ ಕಳಿಸೋ ಮುಂಚೆ ಒಂದು ಕ್ಲಿಪ್ ಮೀಡಿಯಾಇನ್ಫೋದಲ್ಲಿ (ಫೈಲ್ ವಿವರ ತೋರಿಸೋ ಸಾಫ್ಟ್‌ವೇರ್) ತೆರೆದು, ಫ್ರೇಮ್ ರೇಟ್ 50, ಟೈಮ್‌ಕೋಡ್ ಮೂಲದಷ್ಟೇ ಇದೆಯಾ ನೋಡಿ.