ಗೋಡೆ ಮೇಲಿನ ಸ್ಟಾರ್ ನಂಬಬಹುದಾ? ಹೋಟೆಲ್ ಶುಚಿತ್ವದ ರೇಟಿಂಗ್ ಬಗ್ಗೆ ಪ್ರಶ್ನೋತ್ತರ

ಈ ವಾರ ನಮ್ಮ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಹೋಟೆಲ್, ಮೆಸ್, ಕ್ಯಾಂಟೀನ್‌ಗಳ ಅಡುಗೆಮನೆ ತಪಾಸಣೆ ಮಾಡುವ ಆಹಾರ ಸುರಕ್ಷತಾ ಆಡಿಟರ್. ಹನ್ನೆರಡು ವರ್ಷದಿಂದ ಇದೇ ಕೆಲಸ.

ಬೆಂಗಳೂರಿನ ಸದಸ್ಯೆ:
ನಮಸ್ಕಾರ ಮೇಡಂ. ನಮ್ಮ ಮನೆ ಹತ್ತಿರ ಎರಡು ದರ್ಶಿನಿಗಳಿವೆ. ಒಂದರಲ್ಲಿ ಗಲ್ಲಾ ಹಿಂದೆ ‘ಹೈಜೀನ್ ರೇಟಿಂಗ್’ ಅಂತ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಇದೆ, ನಾಲ್ಕು ಸ್ಟಾರ್. ಇನ್ನೊಂದರಲ್ಲಿ ಅದಿಲ್ಲ. ಎಫ್‌ಎಸ್‌ಎಸ್‌ಎಐ (ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಮಾತ್ರ ಬರೆದಿದ್ದಾರೆ. ಆದರೆ ಮೊಬೈಲ್ ಆಪ್‌ನಲ್ಲಿ ಎರಡನೆಯದಕ್ಕೇ ಜಾಸ್ತಿ ಅಂಕ, 4.4. ಹೋದ ತಿಂಗಳು ಮಗನಿಗೆ ವಾಂತಿ ಭೇದಿ ಆಗಿ ಎರಡು ದಿನ ಆಸ್ಪತ್ರೆಯಲ್ಲಿದ್ದ. ಯಾವ ಊಟದಿಂದ ಅಂತ ಗೊತ್ತಾಗಲೇ ಇಲ್ಲ. ಅವತ್ತಿನಿಂದ ಹೊರಗೆ ತಿನ್ನಲು ಭಯ. ಇದರಲ್ಲಿ ಯಾವುದನ್ನು ನಂಬಲಿ?

ಉತ್ತರ:
ಮಗ ಈಗ ಹುಷಾರಾಗಿದ್ದಾನೆ ಅಂದುಕೊಳ್ಳುತ್ತೇನೆ. ನೀವು ಹೇಳಿದ ಮೂರೂ ಬೇರೆ ಬೇರೆ ವಿಷಯ.

ಆಪ್‌ನಲ್ಲಿರುವ 4.4 ತಿಂದವರು ಕೊಟ್ಟ ಅಂಕ. ದೋಸೆ ಗರಿಗರಿಯಾಗಿತ್ತಾ, ಪಾರ್ಸೆಲ್ ಬೇಗ ಬಂತಾ, ಚಟ್ನಿ ಸಾಕಾಯಿತಾ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಅಂಕ ಕೊಟ್ಟವರು ಅಡುಗೆಮನೆ ನೋಡಿರುವುದಿಲ್ಲ.

ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಅಂದರೆ ಲೈಸೆನ್ಸ್. ಸಣ್ಣ ವ್ಯಾಪಾರವಾದರೆ ನೋಂದಣಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಪ್ರಕಾರ ಅದಿಲ್ಲದೆ ಆಹಾರದ ವ್ಯಾಪಾರ ಮಾಡುವ ಹಾಗಿಲ್ಲ. 2022ರ ಜನವರಿಯಿಂದ ಬಿಲ್ ಮೇಲೂ ಆ ನಂಬರ್ ಇರಬೇಕು. ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆ ಅದು. ಪ್ಲೇಟ್ ಇದೆ ಅಂದ ಮಾತ್ರಕ್ಕೆ ಬ್ರೇಕ್ ಸರಿಯಿದೆ ಅಂತ ಹೇಳಲು ಆಗುತ್ತಾ?

ಅಡುಗೆಮನೆ ಒಳಗೆ ಹೋಗಿ, ನೋಡಿ, ಅಂಕ ಕೊಟ್ಟಿರುವುದು ಹೈಜೀನ್ ರೇಟಿಂಗ್ ಒಂದೇ. ಇದೂ ಎಫ್‌ಎಸ್‌ಎಸ್‌ಎಐನ ಯೋಜನೆ. ಅವರು ಮಾನ್ಯತೆ ಕೊಟ್ಟ ಹೊರಗಿನ ಸಂಸ್ಥೆಯ ಆಡಿಟರ್ ಬಂದು ಪರೀಕ್ಷೆ ಮಾಡುತ್ತಾರೆ. ಒಂದರಿಂದ ಐದರವರೆಗೆ ರೇಟಿಂಗ್. ಹಾಗಾಗಿ ಮೂರರಲ್ಲಿ ಒಂದನ್ನು ನೋಡಬೇಕು ಅಂದರೆ ಅದನ್ನೇ ನೋಡಿ.

ಅದೇ ಸದಸ್ಯೆ:
ಹಾಗಾದರೆ ಆ ಸರ್ಟಿಫಿಕೇಟ್ ಇಲ್ಲದ ಹೋಟೆಲ್ ಗಲೀಜು ಅಂತಾನಾ?

ಉತ್ತರ:
ಇಲ್ಲ, ಹಾಗೆ ಹೇಳಲು ಬರುವುದಿಲ್ಲ. ನಮ್ಮ ಯೋಜನೆಯಲ್ಲಿ ನನಗೆ ತುಂಬಾ ಬೇಜಾರು ತರುವುದೂ ಇದೇ. ಇದು ಕಡ್ಡಾಯವಲ್ಲ. ಹೋಟೆಲ್‌ನವರೇ ಅರ್ಜಿ ಹಾಕಬೇಕು, ಆಡಿಟ್ ಮಾಡುವ ಸಂಸ್ಥೆಯನ್ನು ಅವರೇ ಆರಿಸಬೇಕು, ಫೀಸೂ ಅವರೇ ಕಟ್ಟಬೇಕು. ಎರಡು ಸ್ಟಾರ್ ಬಂದವರು ಅದನ್ನು ಫ್ರೇಮ್ ಹಾಕಿಸಿ ಗಲ್ಲಾ ಹಿಂದೆ ನೇತು ಹಾಕುತ್ತಾರಾ? ಗೋಡೆ ಮೇಲೆ ನಮಗೆ ಕಾಣುವುದು ಹೆಚ್ಚಾಗಿ ಒಳ್ಳೆ ಅಂಕಗಳೇ. ಸರ್ಟಿಫಿಕೇಟ್ ಇಲ್ಲದ ಜಾಗ ತುಂಬಾ ಚೊಕ್ಕಟವಾಗಿರಬಹುದು, ತುಂಬಾ ಕೆಟ್ಟದಾಗಿಯೂ ಇರಬಹುದು. ಹೊರಗೆ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ.

ಕಾರ್ಡಿಫ್‌ನಲ್ಲಿ ಓದುತ್ತಿರುವ ಸದಸ್ಯೆ:
ಅಕ್ಕಾ, ಇಲ್ಲಿ ವೇಲ್ಸ್‌ನಲ್ಲಿ ಚಿಕ್ಕ ಚಿಕ್ಕ ಟೇಕ್‌ಅವೇ ಅಂಗಡಿ ಬಾಗಿಲ ಮೇಲೂ ಹಸಿರು ಕಪ್ಪು ಸ್ಟಿಕ್ಕರ್ ಇರುತ್ತದೆ. ಒಂದು ಕಡೆ ‘1’ ಅಂತ ಇತ್ತು, ನೋಡಿ ಗಾಬರಿಯಾಯಿತು. ಇಂಥ ಅಂಕವನ್ನು ಅವರೇ ಯಾಕೆ ಅಂಟಿಸಿಕೊಳ್ಳುತ್ತಾರೆ?

ಉತ್ತರ:
ಅಂಟಿಸಲೇಬೇಕು, ಅಲ್ಲಿ ಕಾನೂನು ಹಾಗಿದೆ. ಬ್ರಿಟನ್‌ನಲ್ಲಿ ಈ 0ರಿಂದ 5ರ ರೇಟಿಂಗ್ 2010ರಲ್ಲಿ ಶುರುವಾಯಿತು. ವೇಲ್ಸ್‌ನಲ್ಲಿ 2013ರ ನವೆಂಬರ್‌ನಿಂದ ಬಾಗಿಲಲ್ಲಿ ಹಾಕುವುದು ಕಡ್ಡಾಯ. ನೀನು ಫೋನ್ ಮಾಡಿ ಕೇಳಿದರೂ ಅವರು ಅಂಕ ಹೇಳಬೇಕು. ಉತ್ತರ ಐರ್ಲೆಂಡ್‌ನಲ್ಲಿ 2016ರಿಂದ ಕಡ್ಡಾಯವಾಯಿತು. ಇಂಗ್ಲೆಂಡ್‌ನಲ್ಲಿ ಬಾಗಿಲಿಗೆ ಹಾಕಲೇಬೇಕು ಅಂತಿಲ್ಲ, ಆದರೆ ಅಂಕ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಸ್ಕಾಟ್ಲೆಂಡ್‌ನಲ್ಲಿ ಅಂಕಗಳೇ ಇಲ್ಲ. ಪಾಸ್, ಇಲ್ಲವೇ ಸುಧಾರಣೆ ಬೇಕು, ಅಷ್ಟೇ.

ಸ್ಟಿಕ್ಕರ್‌ಗಿಂತ ದೊಡ್ಡ ವ್ಯತ್ಯಾಸ ಒಂದಿದೆ. ಅಲ್ಲಿ ತಪಾಸಣೆಗೆ ಬರುವವರು ಸ್ಥಳೀಯ ಆಡಳಿತದ ಅಧಿಕಾರಿಗಳು. ಸಾಮಾನ್ಯವಾಗಿ ಹೇಳದೆ ಬರುತ್ತಾರೆ. ಆಹಾರವನ್ನು ಹೇಗೆ ನಿಭಾಯಿಸುತ್ತಾರೆ, ಕಟ್ಟಡದ ಸ್ಥಿತಿ ಹೇಗಿದೆ, ಮಾಲೀಕರು ಸುರಕ್ಷತೆಯನ್ನು ಹೇಗೆ ನೋಡಿಕೊಳ್ಳುತ್ತಾರೆ, ಈ ಮೂರನ್ನು ನೋಡಿ ಅಂಕ ಕೊಡುತ್ತಾರೆ. ಕಡಿಮೆ ಅಂಕ ಬಂದವರು ಮೇಲ್ಮನವಿ ಹಾಕಬಹುದು. ಸರಿಪಡಿಸಿಕೊಂಡು ಮತ್ತೆ ತಪಾಸಣೆ ಕೇಳಬಹುದು. ನಮ್ಮಲ್ಲೂ ಹೀಗೇ ಆಗಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ. ಒಳ್ಳೆಯವರು ಮಾತ್ರ ಪರೀಕ್ಷೆಗೆ ಕೂತರೆ ಜನಕ್ಕೆ ಏನು ಉಪಯೋಗ?

ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವ ಸದಸ್ಯರು:
ಮೇಡಂ, ಕಡ್ಡಾಯ ಮಾಡಬೇಕು ಅನ್ನೋದು ನಿಮಗೆ ಸುಲಭರಿ. ನಮ್ಮದು ಮೂವತ್ತು ವರ್ಷದ ಖಾನಾವಳಿ. ಬಾಡಿಗೆ ಜಾಗ, ಹಳೆ ಗೋಡೆ, ಅಡುಗೆಮನೆ ಹತ್ತು ಬೈ ಹನ್ನೆರಡು. ರೊಟ್ಟಿ ಬಡಿಯುವ ಇಬ್ಬರು ಅಕ್ಕಂದಿರು, ಒಬ್ಬ ಹುಡುಗ, ನಾನು. ಸ್ಟೀಲ್ ಟೇಬಲ್, ಟೈಲ್ಸ್, ಏಸಿ ಹಾಕಿಸಿದವರಿಗೆ ಐದು ಸ್ಟಾರ್. ನಮ್ಮಂಥವರಿಗೆ ಒಂದು. ಗಿರಾಕಿ ಹೋದರೆ ನಾವೇನು ಮಾಡಬೇಕು?

ಉತ್ತರ:
ಅಣ್ಣಾ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ನಿಮ್ಮಂಥ ಜಾಗಗಳಿಗೆ ಸಮಯವನ್ನೂ ತರಬೇತಿಯನ್ನೂ ಕೊಡದೆ ಕಡ್ಡಾಯ ಮಾಡಿದರೆ ಅದು ಶಿಕ್ಷೆಯಾಗುತ್ತದೆ. ಆದರೆ ಟೈಲ್ಸ್‌ಗೆ ಸ್ಟಾರ್ ಸಿಗುತ್ತದೆ ಅನ್ನುವುದು ಪೂರ್ತಿ ಸರಿಯಲ್ಲ.

ಹೋಟೆಲ್ ಅಡುಗೆಗೆ ಇರುವ ತಪಾಸಣೆ ಪಟ್ಟಿ ಒಟ್ಟು 114 ಅಂಕದ್ದು. ಗೋಡೆ, ನೆಲ, ಚರಂಡಿಗೆ ಅಂಕ ಇದೆ, ನಿಜ. ಅದಕ್ಕಿಂತ ಜಾಸ್ತಿ ಅಂಕ ಇರುವುದು ಕೆಲಸ ಮಾಡುವ ರೀತಿಗೆ. ಕೆಲವು ಪ್ರಶ್ನೆಗಳಿಗೆ ನಕ್ಷತ್ರದ ಗುರುತು ಇರುತ್ತದೆ. ಅದರಲ್ಲಿ ಎಡವಿದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಕಷ್ಟ. ನೀರು ಅಂಥ ಒಂದು ಪ್ರಶ್ನೆ. ಅಡುಗೆಗೆ ಬಳಸುವ ನೀರು ಕುಡಿಯಲು ಯೋಗ್ಯವಾಗಿರಬೇಕು, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿದ ವರದಿ ಇರಬೇಕು. ಮಾರ್ಬಲ್ ಹಾಕಿದ ದೊಡ್ಡ ಹೋಟೆಲ್‌ಗಳಲ್ಲಿ ‘ಟ್ಯಾಂಕರ್ ನೀರು ಮೇಡಂ, ಚೆನ್ನಾಗೇ ಇರುತ್ತೆ’ ಅಂತ ಹೇಳಿ ವರದಿ ತೋರಿಸದವರನ್ನು ನೋಡಿದ್ದೇನೆ.

ಒಂದು ಕಂಪನಿ ಕ್ಯಾಂಟೀನ್ ನನಗೆ ಯಾವಾಗಲೂ ನೆನಪಾಗುತ್ತದೆ. ನೆಲದಲ್ಲಿ ಮುಖ ಕಾಣುತ್ತಿತ್ತು. ಎಲ್ಲರ ತಲೆಗೂ ಟೋಪಿ, ಕೈಗೆ ಗ್ಲೌಸ್. ಕಿಟಕಿ ಪಕ್ಕ ಒಂದು ದೊಡ್ಡ ಪಾತ್ರೆಯಲ್ಲಿ ಅನ್ನ ಇತ್ತು. ಬೆಳಿಗ್ಗೆ ಐದಕ್ಕೆ ಮಾಡಿದ್ದು, ಮಧ್ಯಾಹ್ನ ಚಿತ್ರಾನ್ನಕ್ಕೆ ಅಂದರು. ಹನ್ನೊಂದೂವರೆಗೆ ನಾನು ಥರ್ಮಾಮೀಟರ್ ಚುಚ್ಚಿದೆ. 38 ಡಿಗ್ರಿ. ಅಲ್ಲಿದ್ದವರಿಗೆ ಅದರಲ್ಲಿ ತಪ್ಪೇನು ಅಂತಲೇ ಗೊತ್ತಾಗಲಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಅನ್ನ ಬೇಯಿಸಿದರೂ ಅವು ಸಾಯುವುದಿಲ್ಲ. ಉಗುರು ಬೆಚ್ಚಗೆ ಗಂಟೆಗಟ್ಟಲೆ ಇಟ್ಟರೆ ಅವು ಬೆಳೆದು ವಿಷ ಬಿಡುತ್ತವೆ. ಆಮೇಲೆ ಒಗ್ಗರಣೆಯಲ್ಲಿ ಎಷ್ಟು ಹುರಿದರೂ ಆ ವಿಷ ಹೋಗುವುದಿಲ್ಲ. ತಿಂದ ಕೆಲವೇ ಗಂಟೆಯಲ್ಲಿ ವಾಂತಿ.

ಅದೇ ವಾರ ಒಂದು ಸಣ್ಣ ಮೆಸ್‌ಗೆ ಹೋಗಿದ್ದೆ. ಗೋಡೆಗೆ ಸುಣ್ಣ ಬಳಿದಿದ್ದರು, ಅಷ್ಟೇ. ಆದರೆ ಸಾರು ಒಲೆ ಮೇಲೇ ಕುದಿಯುತ್ತಿತ್ತು. ಅನ್ನವನ್ನು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಮಾಡುತ್ತಿದ್ದರು. ಹಿಂದಿನ ದಿನದ್ದು ಏನೂ ಇಡುತ್ತಿರಲಿಲ್ಲ. ಹಸಿ ತರಕಾರಿ ಹೆಚ್ಚುವ ಮಣೆ ಬೇರೆ, ಬೆಂದದ್ದಕ್ಕೆ ಮಣೆ ಬೇರೆ. ಕೈ ತೊಳೆಯುವ ನಲ್ಲಿ ಹತ್ತಿರ ಸೋಪು ಒದ್ದೆಯಾಗಿತ್ತು. ಸೋಪು ಒಣಗಿದೆಯಾ, ಒದ್ದೆಯಿದೆಯಾ ಅಂತ ನಾನು ಮೊದಲು ನೋಡುತ್ತೇನೆ. ಒಣಗಿದ್ದರೆ ಅಲ್ಲಿ ಕೈ ತೊಳೆಯುತ್ತಿಲ್ಲ ಅಂತಲೇ ಅರ್ಥ.

ಹತ್ತು ಬೈ ಹನ್ನೆರಡರಲ್ಲೂ ಇಷ್ಟನ್ನು ಮಾಡಬಹುದು ಅಣ್ಣಾ. ಬಿಸಿ ಊಟ 65 ಡಿಗ್ರಿಗಿಂತ ಮೇಲೆ ಇರಲಿ. ತಣ್ಣಗಿರಬೇಕಾದದ್ದು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಮಾಡಿಸಿ. ಎಫ್‌ಎಸ್‌ಎಸ್‌ಎಐನ ‘ಫಾಸ್ಟ್ಯಾಕ್’ ತರಬೇತಿಗೆ ನೀವೇ ಹೋಗಿ ಬನ್ನಿ. 25 ಜನ ಕೆಲಸದವರಿಗೆ ಒಬ್ಬರಾದರೂ ತರಬೇತಿ ಆದವರು ಇರಬೇಕು ಅನ್ನುವುದು ಲೆಕ್ಕ. ನೀವು ನಾಲ್ಕೇ ಜನ, ನೀವೊಬ್ಬರು ಕಲಿತರೆ ಸಾಕು. ಟೋಲ್ ಗೇಟಿನ ಫಾಸ್ಟ್ಯಾಗ್ ಬೇರೆ, ಇದು ಬೇರೆ, ಗೊಂದಲ ಬೇಡ.

ಹುಬ್ಬಳ್ಳಿ ಸದಸ್ಯರು:
ಸೋಪಿನ ಮಾತು ಖರೇ ಐತಿ ಮೇಡಂ. ಥರ್ಮಾಮೀಟರ್ ತರುತ್ತೇನೆ.

ಮೈಸೂರಿನ ಸದಸ್ಯರು:
ಆಡಿಟ್ ದಿನ ಮೊದಲೇ ಗೊತ್ತಿರುತ್ತದೆ ಅಲ್ವಾ? ಹಿಂದಿನ ರಾತ್ರಿ ತಿಕ್ಕಿ ತೊಳೆದರೆ ಮುಗಿಯಿತು. ಅಂಥ ರೇಟಿಂಗ್‌ಗೆ ಏನು ಬೆಲೆ?

ಉತ್ತರ:
ಒಂದು ಮಟ್ಟಿಗೆ ನಿಜ. ನೆಲ, ಒಲೆ, ಎಕ್ಸಾಸ್ಟ್ ಫ್ಯಾನ್ ಒಂದೇ ರಾತ್ರಿಯಲ್ಲಿ ತೊಳೆಯಬಹುದು. ಆದರೆ ಅಭ್ಯಾಸ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ನಾನು ಫ್ರಿಜ್ ಬಾಗಿಲಿನ ರಬ್ಬರ್ ಬಿಡಿಸಿ ನೋಡುತ್ತೇನೆ, ಕಪ್ಪು ಬೂಷ್ಟು ಅಲ್ಲೇ ಇರುತ್ತದೆ. ಗ್ರೈಂಡರ್ ಅಡಿಗೆ ಟಾರ್ಚ್ ಬಿಡುತ್ತೇನೆ. ಜಿರಳೆ ಇರುವ ಜಾಗ ಅದು. ಸ್ಟೋರ್ ರೂಮಿನಲ್ಲಿ ಹಿಂದಿನ ಸಾಲಿನ ಡಬ್ಬದ ದಿನಾಂಕ ಓದುತ್ತೇನೆ. ಫ್ರಿಜ್ ತಾಪಮಾನದ ರಿಜಿಸ್ಟರ್‌ನಲ್ಲಿ ಮೂರು ತಿಂಗಳೂ ದಿನಾ 4 ಡಿಗ್ರಿ, ಒಂದೇ ಪೆನ್ನು, ಒಂದೇ ಕೈಬರಹ ಇದ್ದರೆ ಒಂದೇ ಸಲ ಕೂತು ಬರೆದದ್ದು ಅಂತ ಗೊತ್ತಾಗುತ್ತದೆ. ಭಟ್ಟರನ್ನು ಪಕ್ಕಕ್ಕೆ ಕರೆದು, ಹುಷಾರಿಲ್ಲದಿದ್ದರೆ ರಜೆ ಕೊಡುತ್ತಾರಾ ಅಂತ ಕೇಳುತ್ತೇನೆ. ಆ ಉತ್ತರವನ್ನು ಯಾರೂ ತೊಳೆದು ಇಟ್ಟಿರುವುದಿಲ್ಲ.

ಆದರೂ ಹೇಳದೆ ಬರುವ ತಪಾಸಣೆಗೆ ಇದು ಸಮ ಅಂತ ನಾನು ಹೇಳುವುದಿಲ್ಲ.

ದಾವಣಗೆರೆಯ ಸದಸ್ಯೆ:
ರಸ್ತೆ ಬದಿ ಗಾಡಿಗೆ ಯಾವ ರೇಟಿಂಗೂ ಇರಲ್ಲ. ಮಕ್ಕಳು ಗೋಬಿ ಮಂಚೂರಿ ಬಿಡಲ್ಲ. ಏನು ನೋಡಬೇಕು?

ಉತ್ತರ:
ಬಣ್ಣ ನೋಡಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ರೋಡಮಿನ್-ಬಿ ಥರದ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಕಣ್ಣಿಗೆ ಹೊಡೆಯುವ ಕೆಂಪು ಇದ್ದರೆ ಬೇಡ. ಎಣ್ಣೆ ಕಪ್ಪಾಗಿ ನೊರೆ ಬರುತ್ತಿದ್ದರೂ ಬೇಡ. ಪ್ಲೇಟ್ ಅದ್ದುವ ಬಕೆಟ್ ನೀರು ನೋಡಿ. ದುಡ್ಡು ತೆಗೆದುಕೊಂಡ ಕೈಯಲ್ಲೇ ಈರುಳ್ಳಿ ಉದುರಿಸುತ್ತಾರಾ ನೋಡಿ. ಕಣ್ಣೆದುರೇ ಕಾದ ಎಣ್ಣೆಯಿಂದ ತೆಗೆದು ಕೊಟ್ಟದ್ದು, ಗಂಟೆಗಟ್ಟಲೆ ತೆರೆದಿಟ್ಟದ್ದಕ್ಕಿಂತ ಎಷ್ಟೋ ವಾಸಿ.

ತುಮಕೂರಿನ ಸದಸ್ಯರು:
ಸಾಂಬಾರಿನಲ್ಲಿ ಜಿರಳೆ ಸಿಕ್ಕಿತ್ತು. ಮಾಲೀಕರು ‘ಬೇರೆ ಕೊಡ್ತೀವಿ ಸರ್’ ಅಂದು ಸುಮ್ಮನಾದರು. ಯಾರಿಗೆ ದೂರು ಕೊಡಬೇಕು?

ಉತ್ತರ:
ಫೋಟೋ, ಬಿಲ್, ದಿನಾಂಕ ಇಟ್ಟುಕೊಳ್ಳಿ. ಬಿಲ್ ಮೇಲಿನ 14 ಅಂಕಿಯ ನಂಬರ್ ಈಗ ಕೆಲಸಕ್ಕೆ ಬರುತ್ತದೆ. ಎಫ್‌ಎಸ್‌ಎಸ್‌ಎಐನ ‘ಫುಡ್ ಸೇಫ್ಟಿ ಕನೆಕ್ಟ್’ ಆಪ್‌ನಲ್ಲಿ ಆ ನಂಬರ್ ಜೊತೆ ದೂರು ಹಾಕಿ. ಜಿಲ್ಲೆಯಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಅಂಕಿತಾಧಿಕಾರಿಯ ಕಚೇರಿಗೂ ಬರೆದು ಕೊಡಬಹುದು. ಅವರು ತಪ್ಪು ಸರಿಪಡಿಸಿ ಅಂತ ಸುಧಾರಣಾ ನೋಟಿಸ್ ಕೊಡುತ್ತಾರೆ. ಅದಕ್ಕೆ ಕಡಿಮೆ ಅಂದರೂ 14 ದಿನ ಸಮಯ ಇರುತ್ತದೆ. ಆಮೇಲೂ ಮಾಡದಿದ್ದರೆ ಲೈಸೆನ್ಸ್ ಅಮಾನತು ಮಾಡಬಹುದು. ಗಲೀಜು ಜಾಗದಲ್ಲಿ ಆಹಾರ ಮಾಡಿದ್ದಕ್ಕೆ ಒಂದು ಲಕ್ಷ ರೂಪಾಯಿವರೆಗೂ ದಂಡ ಇದೆ.

ಜನಕ್ಕೆ ಗೊತ್ತಿಲ್ಲದ ಒಂದು ಹಕ್ಕೂ ಇದೆ. ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಗಿರಾಕಿಯೇ ಫೀಸ್ ಕಟ್ಟಿ ಆಹಾರವನ್ನು ಪರೀಕ್ಷೆಗೆ ಕಳಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಅದನ್ನು ಹೇಳಬೇಕು, ಅಷ್ಟೇ. ತಪ್ಪು ಸಾಬೀತಾದರೆ ಫೀಸ್ ವಾಪಸ್ ಬರುತ್ತದೆ.

ಬೆಂಗಳೂರಿನ ಸದಸ್ಯೆ (ಎರಡು ದಿನ ಬಿಟ್ಟು):
ಮೇಡಂ, ಎರಡೂ ಹೋಟೆಲ್‌ಗೆ ಹೋಗಿ ಬಂದೆ. ಸ್ಟಾರ್ ಇದ್ದ ಕಡೆ ಸರ್ಟಿಫಿಕೇಟ್ ಹತ್ತಿರ ಹೋಗಿ ಓದಿದೆ. ಅದರಲ್ಲಿದ್ದ ಅವಧಿ ಹೋದ ವರ್ಷವೇ ಮುಗಿದಿದೆ. ಇನ್ನೊಂದು ಕಡೆ, ‘ರೇಟಿಂಗ್ ಯಾಕೆ ಮಾಡಿಸಿಲ್ಲ’ ಅಂತ ಕೇಳಿದ್ದಕ್ಕೆ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹಾಗೊಂದು ಇದೆ ಅಂತಲೇ ಗೊತ್ತಿರಲಿಲ್ಲವಂತೆ. ಅಡುಗೆಮನೆ ಬಾಗಿಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಸೋಪು ಒದ್ದೆ ಇತ್ತು! ಆದರೆ ಕಾಯಿ ಚಟ್ನಿ ಬಕೆಟ್ ಹೊರಗೇ ಇತ್ತು.

ಉತ್ತರ:
ಅವಧಿ ಮುಗಿದ ಸರ್ಟಿಫಿಕೇಟ್ ಲೆಕ್ಕಕ್ಕಿಲ್ಲ. ಹೊಸದು ಮಾಡಿಸಿದ್ದೀರಾ ಅಂತ ಅವರನ್ನೂ ಕೇಳಿ. ಎರಡನೆಯವರಿಗೆ ಒಂದು ಮಾತು ಹೇಳಿ: ಚಟ್ನಿ ಸ್ವಲ್ಪ ಸ್ವಲ್ಪವೇ ರುಬ್ಬಲಿ, ಉಳಿದದ್ದು ಫ್ರಿಜ್‌ನಲ್ಲಿರಲಿ, ಸಂಜೆಗೆ ಬೇರೆ ಮಾಡಲಿ. ಅರ್ಜಿ ಹಾಕಲು ಅವರಿಗೆ ಸಹಾಯ ಬೇಕಿದ್ದರೆ ಇಲ್ಲೇ ಕೇಳಲಿ, ನಾನು ಹೇಳಿಕೊಡುತ್ತೇನೆ.