ಅಪ್‌ಡೇಟ್: ನಾಲ್ಕೂ ನೋಡ್‌ಗಳಲ್ಲಿ ಈಗ ಒಂದೇ ಕ್ರಮ

ಹೋದ ವಾರ ಕೇಳಿದ್ದೆ. ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಲಾಟ್‌ಗಳನ್ನು ಮಾದರಿಯಾಗಿ ಇಟ್ಟುಕೊಂಡು ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ಬ್ಲಾಕ್‌ಚೈನ್‌ನಲ್ಲಿ ಕಾಲೇಜು ಪ್ರಾಜೆಕ್ಟ್ ಮಾಡ್ತಿದ್ದೀವಿ. ಒಂದು ನೋಡ್‌ನಲ್ಲಿ (ಜಾಲದ ಒಂದು ಕಂಪ್ಯೂಟರ್) ತೂಕ ಆದ ಮೇಲೆ ಬಿಲ್, ಇನ್ನೊಂದರಲ್ಲಿ ಬಿಲ್ ಆದ ಮೇಲೆ ತೂಕ! ಯಾಕೆ ಅಂತ.

ಕಾರಣ ಸಿಕ್ಕಿತು. ಚೈನ್‌ನಲ್ಲಿ ತಪ್ಪು ಇರಲೇ ಇಲ್ಲ. ಕ್ರಮ ನಿರ್ಧರಿಸುವ ಆರ್ಡರರ್ ಎಲ್ಲ ನೋಡ್‌ಗಳಿಗೂ ಬ್ಲಾಕ್‌ಗಳನ್ನು (ವ್ಯವಹಾರಗಳ ಕಟ್ಟುಗಳು) ಒಂದೇ ಸಾಲಿನಲ್ಲಿ ಕೊಡುತ್ತಿತ್ತು. ಕೆಟ್ಟದ್ದು ನನ್ನ ಲಿಸನರ್, ಅಂದ್ರೆ ಚೈನ್‌ನಿಂದ ಬರುವ ಈವೆಂಟ್‌ಗಳನ್ನು (ವ್ಯವಹಾರದ ಸೂಚನೆಗಳು) ಓದಿ ಡೇಟಾಬೇಸ್‌ಗೆ ಬರೆಯುವ ಪ್ರೋಗ್ರಾಂ. ಬೇಗ ಆಗಲಿ ಅಂತ ಈವೆಂಟ್‌ಗಳನ್ನು ನಾಲ್ಕು ಥ್ರೆಡ್‌ಗಳಿಗೆ (ಒಟ್ಟಿಗೆ ಓಡುವ ಕೆಲಸದ ಎಳೆಗಳು) ಹಂಚಿದ್ದೆ. ಡೇಟಾಬೇಸ್‌ಗೆ ಬರೆದ ಸಮಯ ನೋಡಿ ಸಾರ್ಟ್ ಮಾಡ್ತಿದ್ದೆ. ಲಾಗ್ ತೆಗೆದು ನೋಡಿದರೆ ತೂಕ 212ನೇ ಬ್ಲಾಕ್‌ನ 3ನೇ ವ್ಯವಹಾರ, ಬಿಲ್ ಅದೇ ಬ್ಲಾಕ್‌ನ 5ನೇದು. ಎರಡನೇ ಮಷೀನಿನಲ್ಲಿ ಬಿಲ್‌ನ ಥ್ರೆಡ್ ಮೊದಲು ಮುಗಿದಿತ್ತು, ಅಷ್ಟೇ. ಅದನ್ನು ನೋಡಿದಾಗ ಆದ ಖುಷಿ ಹೇಳತೀರದು.

ನನ್ನ ಪ್ರಶ್ನೆಗೆ ‘ಗಡಿಯಾರ ನಂಬಬೇಡಿ’ ಅಂತ ಉತ್ತರ ಕೊಟ್ಟವರ ಮಾತು ಪೂರ್ತಿ ನಿಜ. ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ನಡೆಯೋದರ ಕ್ರಮದ ಬಗ್ಗೆ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಬರೆದಿದ್ದರಲ್ವಾ. ಈಗ ಸಮಯದ ಕಾಲಂ ಬರೀ ತೋರಿಸೋಕೆ. ಸಾರ್ಟ್ ಆಗೋದು ಬ್ಲಾಕ್ ನಂಬರ್, ಆಮೇಲೆ ಅದರೊಳಗಿನ ವ್ಯವಹಾರದ ಸ್ಥಾನದ ಮೇಲೆ. ಫ್ಯಾಬ್ರಿಕ್‌ನಲ್ಲಿ ಒಂದು ವ್ಯವಹಾರಕ್ಕೆ ಒಂದೇ ಈವೆಂಟ್, ಹಾಗಾಗಿ ಇಷ್ಟು ಸಾಕು. ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನ್ ಬಳಸುವವರು ಲಾಗ್ ಇಂಡೆಕ್ಸ್ (ಈವೆಂಟ್‌ನ ಕ್ರಮಸಂಖ್ಯೆ) ಕೂಡ ಸೇರಿಸಿ, ಅಲ್ಲಿ ಒಂದು ವ್ಯವಹಾರಕ್ಕೆ ಹಲವು ಈವೆಂಟ್ ಇರಬಹುದು. ಮಷೀನು ಆಫ್ ಆದರೂ ಅಲ್ಲಿಂದಲೇ ಮುಂದುವರಿಯಲಿ ಅಂತ ಕೊನೆಯದಾಗಿ ಓದಿದ ಬ್ಲಾಕ್ ನಂಬರನ್ನೂ ಉಳಿಸ್ತೀನಿ.

ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿ ಎರಡು ಮಷೀನು ಆಫ್ ಆದವು. ವಾಪಸ್ ಬಂದ ಮೇಲೆ ನಾಲ್ಕೂ ಪಟ್ಟಿ ಹೋಲಿಸಿದೆ. ಒಂದು ಸಾಲೂ ಆಚೀಚೆ ಆಗಿರಲಿಲ್ಲ.