ಸಣ್ಣ ದೋಣಿಯಲ್ಲಿ ಟ್ರೋಲಿಂಗ್: ಕ್ರಾಪಿ ಕಾಣುತ್ತೆ, ಕಚ್ಚಲ್ಲ

ಸಾಗರದ ಹುಡುಗ:
ಮಿನಿಯಾಪೊಲಿಸ್ ಕಡೆ ಮೀನು ಹಿಡಿಯುವವರು ಯಾರಾದರೂ ಇದ್ದೀರಾ? ಈ ಬೇಸಿಗೆ 14 ಅಡಿಯ ಅಲ್ಯೂಮಿನಿಯಂ ದೋಣಿ ತೆಗೆದುಕೊಂಡೆ. ಹಿಂದುಗಡೆ ಸಣ್ಣ ಎಲೆಕ್ಟ್ರಿಕ್ ಮೋಟಾರ್ ಇದೆ. ಲೇಕ್ ಮಿನೆಟೊಂಕಾದಲ್ಲಿ ಕ್ರಾಪಿ ಮೀನಿಗೆ ಟ್ರೋಲಿಂಗ್ ಮಾಡುತ್ತೇನೆ, ಅಂದರೆ ದೋಣಿ ಓಡಿಸುತ್ತಾ ಹಿಂದೆ ಜಿಗ್ (ತಲೆಯಲ್ಲಿ ತೂಕವಿರುವ ಕೊಕ್ಕೆ) ಎಳೆದುಕೊಂಡು ಹೋಗುತ್ತೇನೆ. ಫಿಶ್ ಫೈಂಡರ್‌ನಲ್ಲಿ 12 ಅಡಿ ಆಳದಲ್ಲಿ ಗುಂಪು ಕಾಣುತ್ತೆ, ಕಚ್ಚುವುದು ಅಪರೂಪ. ಕಚ್ಚಿದ್ದೂ ದೋಣಿ ಹತ್ತಿರ ಬಂದು ತಪ್ಪಿಸಿಕೊಳ್ಳುತ್ತೆ. ವಿಡಿಯೋದಲ್ಲಿ ಎಂಟು ರಾಡ್ ಹರಡಿಕೊಂಡು ಹಿಡಿಯುತ್ತಾರಲ್ಲ, ಹಾಗೆ ಮಾಡಬೇಕಾ?

ಕೆರೆ ದಂಡೆ:
ಎಂಟು ರಾಡ್ ಬೇಡ. ಅದು ಸ್ಪೈಡರ್ ರಿಗ್ಗಿಂಗ್, ಮಿಸಿಸಿಪ್ಪಿ ಕಡೆಯವರ ಪದ್ಧತಿ. ಮಿನೆಸೋಟದ ಕೆರೆಗಳಲ್ಲಿ ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಲೈನ್. ಐಸ್ ಕಟ್ಟಿದ ಮೇಲೆ ಎರಡು.

ನಿಮ್ಮ ವೇಗ ಎಷ್ಟು? ಫೋನಿನ ಜಿಪಿಎಸ್ ನೋಡಿ ಹೇಳಿ. ಜಿಗ್ ಎಳೆಯುವಾಗ ಗಂಟೆಗೆ ಅರ್ಧ ಮೈಲಿಯಿಂದ ಒಂದು ಮೈಲಿ ಸಾಕು. ಕ್ರಾಪಿ ಬೆನ್ನಟ್ಟಿ ಹೋಗುವ ಮೀನಲ್ಲ. ಇನ್ನೊಂದು, ಅದು ಮೇಲೆ ನೋಡಿ ತಿನ್ನುತ್ತೆ. ಮೀನು 12 ಅಡಿಯಲ್ಲಿದ್ದರೆ ಜಿಗ್ 10-11ರಲ್ಲಿ ಇರಲಿ. ಅದರ ಕೆಳಗೆ ಹೋಯಿತೋ, ಕೆಲಸ ಕೆಟ್ಟಿತು. ನಿಧಾನ ಮಾಡಿದರೆ ಜಿಗ್ ಇಳಿಯುತ್ತೆ, ಜೋರು ಮಾಡಿದರೆ ಏರುತ್ತೆ. 1/16 ಔನ್ಸಿನದು ಅಷ್ಟು ಆಳ ಮುಟ್ಟದಿದ್ದರೆ 1/8 ಹಾಕಿ. ಲೈನ್ 4 ಅಥವಾ 6 ಪೌಂಡ್ ತಡೆಯುವಂಥದ್ದು, ದೋಣಿಯಿಂದ 60-70 ಅಡಿ ಹಿಂದೆ ಬಿಡಿ.

ನೇರ ಹೋಗಬೇಡಿ, ಹಾವಿನ ಹಾಗೆ ತಿರುಗಿಸುತ್ತಾ ಹೋಗಿ. ಜೊತೆಗೆ ಮನೆಯವರನ್ನೋ ಸ್ನೇಹಿತರನ್ನೋ ಕೂರಿಸಿಕೊಂಡು ಎರಡೂ ಬದಿಗೆ ಒಂದೊಂದು ರಾಡ್ ಇಡಿ. ಎಡಕ್ಕೆ ತಿರುಗಿದಾಗ ಎಡಗಡೆಯ ಜಿಗ್ ನಿಧಾನವಾಗಿ ಇಳಿಯುತ್ತೆ, ಬಲಗಡೆಯದು ಜೋರಾಗಿ ಏರುತ್ತೆ. ಯಾವ ರಾಡ್ ಬಾಗಿತು ನೋಡಿ. ಆ ದಿನ ಮೀನಿಗೆ ಏನು ಬೇಕು ಅಂತ ಅಲ್ಲೇ ಗೊತ್ತಾಗುತ್ತೆ. ನನಗೆ ಇದಕ್ಕಿಂತ ಖುಷಿ ಕೊಡುವ ಕ್ಷಣ ದೋಣಿಯಲ್ಲಿ ಬೇರೆ ಇಲ್ಲ.

ತಪ್ಪಿಸಿಕೊಳ್ಳುವುದಕ್ಕೆ ಕಾರಣ ಬಾಯಿ. ಕ್ರಾಪಿ ಬಾಯಿಯ ಪೊರೆ ತುಂಬಾ ತೆಳು, ಜಗ್ಗಿದರೆ ಹರಿಯುತ್ತೆ. ಮೆದು ರಾಡ್ ಇರಲಿ, ರೀಲಿನ ಡ್ರ್ಯಾಗ್ (ಮೀನು ಎಳೆದಾಗ ಲೈನ್ ಬಿಟ್ಟುಕೊಡುವ ಬಿಗಿತ) ಸಡಿಲ ಮಾಡಿ, ಒಂದೇ ಸಮ ಸುತ್ತಿ. ಮೇಲೆತ್ತಲು ಕೈಬಲೆ ಬೇಕೇ ಬೇಕು.

ಎರೆಹುಳು:
ಬ್ಲೂಗಿಲ್ (ಸನ್‌ಫಿಶ್ ಗುಂಪಿನ ಮೀನು) ಬೇಕಿದ್ದರೆ ಇನ್ನೂ ಚಿಕ್ಕದು, 1/32 ಜಿಗ್, ತುದಿಗೆ ಎರೆಹುಳುವಿನ ಚೂರು. ನೀರುಗಿಡಗಳ ಹೊರ ಅಂಚು ಹಿಡಿದು ಹೋಗಿ. ಇಟ್ಟುಕೊಳ್ಳುವ ಮಿತಿ ದಿನಕ್ಕೆ ಕ್ರಾಪಿ 10, ಸನ್‌ಫಿಶ್ 20, ಕೆಲವು ಕೆರೆಗಳಲ್ಲಿ ಇನ್ನೂ ಕಡಿಮೆ. ದೊಡ್ಡ ಬ್ಲೂಗಿಲ್ ದಯವಿಟ್ಟು ವಾಪಸ್ ಬಿಡಿ. ಗೂಡು ಕಾಯುವುದು ದೊಡ್ಡ ಗಂಡುಗಳೇ. ಅವು ಹೋದರೆ ಚಿಕ್ಕ ಗಂಡುಗಳು ಬೆಳೆಯುವುದು ಬಿಟ್ಟು ಬೇಗ ಮರಿ ಮಾಡಲು ನಿಲ್ಲುತ್ತವೆ. ಆಮೇಲೆ ಕೆರೆ ತುಂಬಾ ಅಂಗೈಗಿಂತ ಸಣ್ಣವೇ.

ಸಾಗರದ ಹುಡುಗ:
ಫೋನ್ ನೋಡಿದೆ. ಗಂಟೆಗೆ ಎರಡು ಮೈಲಿ ಹತ್ತಿರ ಇದೆ! ಮೋಟಾರ್ ಒಂದನೇ ನಂಬರಿಗೆ ಇಳಿಸಿದರೂ ಗಾಳಿ ಹಿಂದಿನಿಂದ ತಳ್ಳುತ್ತೆ.

ಕೆರೆ ದಂಡೆ:
ಹಾಗಾದರೆ ಗಾಳಿಗೆ ಎದುರಾಗಿ, ದೋಣಿಯ ಹಿಂಭಾಗ ಮುಂದೆ ಮಾಡಿ ಹೋಗಿ. ಇಲ್ಲಿ ವಾಲೈ ಮೀನು ಹಿಡಿಯುವವರು ಹೀಗೇ ಮಾಡುತ್ತಾರೆ, ಬ್ಯಾಕ್ ಟ್ರೋಲಿಂಗ್ ಅಂತಾರೆ. ಚಪ್ಪಟೆ ಹಿಂಭಾಗ ನೀರನ್ನು ತಡೆಯುತ್ತೆ, ವೇಗ ತಾನಾಗೇ ಇಳಿಯುತ್ತೆ. ಅಲೆ ಜೋರಿದ್ದ ದಿನ ಮಾತ್ರ ಬೇಡ, ನೀರು ಒಳಗೆ ಬರುತ್ತೆ. ಲೈಫ್ ಜಾಕೆಟ್ ಹಾಕಿಕೊಂಡೇ ಇರಿ.